ಒತ್ತಡದ ಲೆಕ್ಕ ನಾವೇ ಇಡುವುದು: ಬ್ಯಾಂಕ್ ನೌಕರರಿಗೆ ಒಂದು ಉಪನ್ಯಾಸ

ಎಲ್ಲರಿಗೂ ನಮಸ್ಕಾರ.

ಕೌಂಟರಿನಲ್ಲಿ ಗ್ರಾಹಕರೊಬ್ಬರು ಸುಮ್ಮನೆ ತಕರಾರು ತೆಗೆದರೆ "ಬೆಳಬೆಳಗ್ಗೆ ಬಿ.ಪಿ. ಏರಿಸಿಬಿಟ್ಟರು" ಅನ್ನುತ್ತೇವೆ. ಮಾತಿಗೆ ಚೆನ್ನಾಗಿದೆ, ಅಳತೆಗೆ ಬಾರದು. ಸಿಟ್ಟಿನ ಗಳಿಗೆಯಲ್ಲಿ ಏರಿದ ಬಿ.ಪಿ. ಸ್ವಲ್ಪ ಹೊತ್ತಿಗೆ ಇಳಿದೀತು. ತಿಂಗಳಿನಿಂದ ನಿದ್ದೆಗೆಟ್ಟು ಒದ್ದಾಡುವವರ ಬಿ.ಪಿ. 120/80 ಇರಬಹುದು, ಯಾವ ಚಿಂತೆಯೂ ಇಲ್ಲದವರಿಗೆ 150/95 ಇದ್ದು, ಅದು ಅವರಿಗೆ ಗೊತ್ತೇ ಇಲ್ಲದಿರಬಹುದು. ರಕ್ತದೊತ್ತಡಕ್ಕೂ ಮನಸ್ಸಿನ ಒತ್ತಡಕ್ಕೂ ಕನ್ನಡದಲ್ಲಿ ಒಂದೇ ಪದ ಅಂಟಿಕೊಂಡದ್ದರಿಂದ ಗೊಂದಲ ಇನ್ನಷ್ಟು ಹೆಚ್ಚಿದೆ.

ಹಾಗಾಗಿ ಮೊದಲು ಖಾತೆಗಳನ್ನು ಬೇರೆ ಮಾಡೋಣ. ನಮ್ಮ ಮೇಲೆ ಬಿದ್ದಿರುವ ಹೊರೆ ಒಂದು ಖಾತೆ. ಅದನ್ನು ನಿಭಾಯಿಸಬಲ್ಲೆನೋ ಇಲ್ಲವೋ ಎಂಬ ಅನಿಸಿಕೆ ಇನ್ನೊಂದು. ಅದಕ್ಕೆ ಮೈ ಕೊಡುವ ಪ್ರತಿಕ್ರಿಯೆ ಮತ್ತೊಂದು. ನಿಮ್ಮ ಲೆಡ್ಜರಿನ ಹಾಗೆ ಈ ಮೂರು ದಿನದ ಕೊನೆಗೆ ಟ್ಯಾಲಿ ಆಗಲೇಬೇಕೆಂದಿಲ್ಲ. ಟ್ಯಾಲಿ ಆಗದ ಜಾಗದಲ್ಲೇ ಹೆಚ್ಚು ವಿಷಯ ಸಿಗುತ್ತದೆ.

ಅನಿಸಿಕೆಯನ್ನು ಅಳೆಯಲು ಹೆಚ್ಚು ಬಳಕೆಯಲ್ಲಿರುವುದು ಹತ್ತು ಪ್ರಶ್ನೆಗಳ 'ಪರ್ಸೀವ್ಡ್ ಸ್ಟ್ರೆಸ್ ಸ್ಕೇಲ್'. ಅಮೆರಿಕದ ಮನಶ್ಶಾಸ್ತ್ರಜ್ಞ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 1983ರಲ್ಲಿ ಇದನ್ನು ಪ್ರಕಟಿಸಿದಾಗ 14 ಪ್ರಶ್ನೆಗಳಿದ್ದವು; ಈಗ ನಡೆಯುವುದು ಹತ್ತರದ್ದು. ಕಳೆದ ಒಂದು ತಿಂಗಳಲ್ಲಿ ಕೈಮೀರಿತು ಅನ್ನಿಸಿದ್ದು ಎಷ್ಟು ಸಲ, ಎಲ್ಲ ಹಿಡಿತದಲ್ಲಿದೆ ಅನ್ನಿಸಿದ್ದು ಎಷ್ಟು ಸಲ, ಇಂಥವು. ಪ್ರತಿಯೊಂದಕ್ಕೂ 'ಒಮ್ಮೆಯೂ ಇಲ್ಲ' ಎಂದರೆ 0, 'ಬಹಳ ಸಲ' ಎಂದರೆ 4. ಒಟ್ಟು ಅಂಕ 0ರಿಂದ 40.

ಎಡವುವುದು ಕೂಡುವಾಗ. 4, 5, 7 ಮತ್ತು 8ನೇ ಪ್ರಶ್ನೆಗಳು ಒಳ್ಳೆಯದನ್ನು ಕೇಳುತ್ತವೆ; ಅವುಗಳ ಅಂಕ ತಿರುಗಿಸಬೇಕು. 0 ಇದ್ದರೆ 4, 1 ಇದ್ದರೆ 3, 2 ಇದ್ದರೆ 2, 3 ಇದ್ದರೆ 1, 4 ಇದ್ದರೆ 0. ಒಬ್ಬರು ಕಷ್ಟದ ಆರು ಪ್ರಶ್ನೆಗಳಿಗೆ 3, ಒಳ್ಳೆಯ ನಾಲ್ಕಕ್ಕೆ 1 ಹಾಕಿದರು ಅನ್ನಿ. ತಿರುಗಿಸಿದರೆ 18 ಮತ್ತು 12 ಸೇರಿ 30. ತಿರುಗಿಸದೆ ಹೋದರೆ 18 ಮತ್ತು 4, ಬರೀ 22. ರೂಢಿಯಲ್ಲಿ 13ರವರೆಗೆ ಕಡಿಮೆ, 14ರಿಂದ 26 ಮಧ್ಯಮ, 27ರಿಂದ ಮೇಲೆ ಹೆಚ್ಚು ಎನ್ನುತ್ತಾರೆ. ಒಂದು ಕೂಡುವ ತಪ್ಪಿಗೆ ಮನುಷ್ಯ 'ಹೆಚ್ಚಿ'ನಿಂದ 'ಮಧ್ಯಮ'ಕ್ಕೆ ಇಳಿದುಬಿಟ್ಟ. ಈ ಗೆರೆಗಳೂ ಅನುಕೂಲಕ್ಕೆ ಎಳೆದವು, ಕಾಯಿಲೆ ಗುರುತಿಸಲು ಅಲ್ಲ.

ಇದನ್ನು ವಾರವಾರ ತುಂಬುವುದರಲ್ಲಿ ಅರ್ಥವಿಲ್ಲ, ಪ್ರಶ್ನೆಯೇ ಒಂದು ತಿಂಗಳದ್ದು. ಜನವರಿ ಕೊನೆಗೆ ಒಮ್ಮೆ, ಇಯರ್ ಎಂಡಿಂಗ್ ಮುಗಿದು ಏಪ್ರಿಲ್ ಮೊದಲ ವಾರದಲ್ಲಿ ಒಮ್ಮೆ, ಜೂನ್‌ನಲ್ಲಿ ಇನ್ನೊಮ್ಮೆ ತುಂಬಿ. ಏಪ್ರಿಲ್‌ನಲ್ಲಿ ಅಂಕ ಏರಿದರೆ ಆಶ್ಚರ್ಯವಿಲ್ಲ. ಮಾರ್ಚ್ 31 ಎಲ್ಲರಿಗೂ ಮಾರ್ಚ್ 31ನೇ. ನೋಡಬೇಕಾದದ್ದು ಜೂನ್ ಹಾಳೆಯನ್ನು. ಹೊರೆ ಇಳಿದ ಮೇಲೂ ಅಂಕ ಇಳಿಯಲಿಲ್ಲ ಎಂದರೆ ಅಲ್ಲಿ ವಿಚಾರಿಸಬೇಕಾದದ್ದಿದೆ.

ಇನ್ನು ಮೈಯ ಖಾತೆ. ಇದಕ್ಕೆ ಖರ್ಚಿಲ್ಲ. ಬೆಳಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಕಾಫಿಗೆ ಮೊದಲು, ಮೊಬೈಲ್ ಮುಟ್ಟದೆ ಐದು ನಿಮಿಷ ಕೂರಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ, ತೋರುಬೆರಳು ಮತ್ತು ನಡುಬೆರಳು ಇಟ್ಟು ಪೂರ್ತಿ 60 ಸೆಕೆಂಡು ನಾಡಿ ಎಣಿಸಿ. ಹೆಬ್ಬೆರಳಿಂದ ಹಿಡಿಯಬೇಡಿ, ಅದರದ್ದೇ ಮಿಡಿತ ಎಣಿಕೆಗೆ ಸೇರೀತು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವವರು, ಒಂದು ಬಡಿತ ತಪ್ಪಿದರೆ ಉತ್ತರದಲ್ಲಿ ನಾಲ್ಕು ತಪ್ಪಿಸುತ್ತಾರೆ. ಎರಡು ವಾರ ಬರೆದರೆ ನಿಮ್ಮ ಸರಾಸರಿ ಗೊತ್ತಾಗುತ್ತದೆ. ಅದು 62 ಇರಲಿ, 78 ಇರಲಿ, ಪಕ್ಕದವರ ಜೊತೆ ಹೋಲಿಸಬೇಡಿ. ಸರಾಸರಿಗಿಂತ ಏಳೆಂಟು ಬಡಿತ ಹೆಚ್ಚು, ಅದೂ ಮೂರು ನಾಲ್ಕು ದಿನ ಸತತ ಬಂದರೆ ಕಾರಣ ಹುಡುಕಿ. ಒತ್ತಡವೇ ಅಂತಲ್ಲ, ಜ್ವರ, ನೀರು ಕಡಿಮೆ ಕುಡಿದದ್ದು, ಹಿಂದಿನ ರಾತ್ರಿಯ ಮದ್ಯ, ರಕ್ತಹೀನತೆ, ಥೈರಾಯ್ಡ್ ಕೂಡ ಇದನ್ನೇ ಮಾಡುತ್ತವೆ. ಸುಮ್ಮನೆ ಕೂತಾಗಲೂ ಪದೇ ಪದೇ 100 ದಾಟಿದರೆ ವೈದ್ಯರ ಹತ್ತಿರ ಹೋಗಿ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ನುಂಗುವವರ ನಾಡಿಯನ್ನು ಮಾತ್ರೆಯೇ ತಗ್ಗಿಸಿಟ್ಟಿರುತ್ತದೆ; ಅವರಿಗೆ ಈ ಲೆಕ್ಕ ಹೆಚ್ಚು ಹೇಳುವುದಿಲ್ಲ.

ಕೈಯಲ್ಲಿ ಸ್ಮಾರ್ಟ್‌ವಾಚ್ ಇರುವವರು, ವಾಚೇ ಒತ್ತಡ ಅಳೆಯುತ್ತದಲ್ಲ ಎಂದು ಕೇಳಿಯೇ ಕೇಳುತ್ತೀರಿ. ಎದೆ ನಿಮಿಷಕ್ಕೆ 60 ಸಲ ಬಡಿದರೂ ಬಡಿತಗಳ ನಡುವಿನ ಬಿಡುವು ಪ್ರತಿ ಸಲ ಒಂದೇ ಸೆಕೆಂಡು ಇರುವುದಿಲ್ಲ. ಉಸಿರು ಎಳೆದಾಗ ಬಡಿತ ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಈ ಏರಿಳಿತ ಚೆನ್ನಾಗಿದ್ದರೆ ಮೈ ವಿಶ್ರಾಂತಿಯಲ್ಲಿದೆ, ಕುಗ್ಗಿದರೆ ಬಿಗಿದಿದೆ ಎಂದು ವಾಚ್ ಅಂದಾಜು ಮಾಡುತ್ತದೆ. ಸಂತೋಷಕ್ಕೆ ಎದೆ ಹಾರಿತೋ, ಆಡಿಟರ್ ಬಂದದ್ದಕ್ಕೆ ಹಾರಿತೋ, ಅದಕ್ಕೆ ತಿಳಿಯದು. ಪಟ್ಟಿ ಸಡಿಲವಿದ್ದರೆ, ಕೈ ಅಲುಗಾಡುತ್ತಿದ್ದರೆ ಅಂಕೆಯೇ ತಪ್ಪು. ನಿಧಾನ ಉಸಿರಾಟ ಮಾಡುತ್ತಲೇ ನೋಡಿದರೆ ಏರಿಳಿತದ ಅಂಕೆ ಸೊಗಸಾಗಿ ಏರುತ್ತದೆ. ಅದು ಉಸಿರಿನ ಪರಿಣಾಮ, ಒತ್ತಡ ಕರಗಿದ್ದಕ್ಕೆ ಸಾಕ್ಷಿಯಲ್ಲ. ನಿದ್ದೆಯ ಸಮಯದ ಅಂಕೆಯನ್ನು ವಾರದ ಸರಾಸರಿಯಲ್ಲಿ ನೋಡಿ, ಸಾಕು. ಗಳಿಗೆಗೊಮ್ಮೆ ನೋಡಿ ಗಾಬರಿಯಾಗುವವರು ವಾಚ್ ಬಿಚ್ಚಿಡುವುದೇ ಮೇಲು.

ಒತ್ತಡದ ಹಾರ್ಮೋನು ಎನ್ನುವ ಕಾರ್ಟಿಸಾಲ್‌ನ ರಕ್ತಪರೀಕ್ಷೆಗೆ ದುಡ್ಡು ಹಾಕಬೇಡಿ. ಆ ಹಾರ್ಮೋನು ಎದ್ದ ಸುಮಾರು ಅರ್ಧ ಗಂಟೆಗೆ ತುತ್ತತುದಿಗೇರಿ, ನಡುರಾತ್ರಿಯ ಹೊತ್ತಿಗೆ ತಳ ಸೇರುತ್ತದೆ. ಒಂದು ಸಲದ ಅಂಕೆ ದಿನನಿತ್ಯದ ಒತ್ತಡದ ಬಗ್ಗೆ ಏನೂ ಹೇಳದು.

ಹೊರೆಯ ಖಾತೆಗೆ ಒಂದು ಪುಟ್ಟ ಡೈರಿ ಸಾಕು. 14 ದಿನ, ದಿನಕ್ಕೆ ನಾಲ್ಕು ಸಲ: 11 ಗಂಟೆ, 3 ಗಂಟೆ, ಸಂಜೆ 7, ಮಲಗುವ ಮುಂಚೆ. ಆಗಿನ ಒತ್ತಡಕ್ಕೆ 0ರಿಂದ 10ರೊಳಗೆ ಒಂದು ಅಂಕ, ಹಿಂದಿನ ಅರ್ಧ ಗಂಟೆಯಲ್ಲಿ ಏನು ನಡೆಯಿತು, ಮೈಯಲ್ಲಿ ಎಲ್ಲಿ ಬಿಗಿತ, ಅಲ್ಲಿಯವರೆಗೆ ಎಷ್ಟು ಕಾಫಿ. ಅಲಾರಾಂ ಹೊಡೆದಾಗಲೇ ಬರೆಯಬೇಕು. ತಲೆ ಕೆಟ್ಟಾಗ ಮಾತ್ರ ಬರೆದರೆ ಡೈರಿ ತುಂಬ ತಲೆನೋವೇ ಕಾಣುತ್ತದೆ. ರಾತ್ರಿ ಒಟ್ಟಿಗೆ ಬರೆದರೆ ದಿನದ ಕೆಟ್ಟ ಗಳಿಗೆ ಮಿಕ್ಕದ್ದನ್ನೆಲ್ಲ ನುಂಗಿಬಿಡುತ್ತದೆ. 'ಕೆಲಸ ಜಾಸ್ತಿ' ಅಂತ ಬರೆಯಬೇಡಿ. 'ಕ್ಯಾಶ್ ಟ್ಯಾಲಿ ಆಗಲಿಲ್ಲ, 500ರ ಒಂದು ನೋಟು ಕಮ್ಮಿ' ಅಂತ ಬರೆಯಿರಿ.

ಕೊನೆಗೆ 56 ನಮೂದುಗಳಲ್ಲಿ ಅತಿ ಹೆಚ್ಚು ಅಂಕದ ಹತ್ತನ್ನು ಮಾತ್ರ ಗುರುತು ಹಾಕಿ. ಅವು ಒಂದೆರಡು ಕಾರಣಗಳ ಸುತ್ತ ಗುಂಪುಗೂಡಿದ್ದರೆ ಆ ಕಾರಣಕ್ಕೇ ಕೈ ಹಾಕಬೇಕು. ಪ್ರಾಣಾಯಾಮದಿಂದ ಕೌಂಟರಿನ ಸಾಲು ಕರಗುವುದಿಲ್ಲ. ಗೊತ್ತುಗುರಿಯಿಲ್ಲದೆ ಚದುರಿದ್ದರೆ ಮೊದಲು ನಿದ್ದೆ ಮತ್ತು ಕಾಫಿ ನೋಡಿ. ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು: ಸಂಜೆ 5ರ ಕಾಫಿಯ ಅರ್ಧ, ರಾತ್ರಿ 10ಕ್ಕೂ ಮೈಯಲ್ಲೇ ಇದೆ. ಆ ಕ್ಷಣದ ಬಿಗಿತಕ್ಕೆ ಉಸಿರಾಟ ಒಳ್ಳೆಯದು: 4 ಸೆಕೆಂಡು ಒಳಗೆ, 6 ಸೆಕೆಂಡು ಹೊರಗೆ, ಐದು ನಿಮಿಷ. ತಲೆ ಸುತ್ತಿದರೆ ಉಸಿರು ಅತಿಯಾಗಿ ಎಳೆಯುತ್ತಿದ್ದೀರಿ, ಹಗುರ ಮಾಡಿ.

ಎರಡು ವಾರ ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಎಂದಾದರೆ ಅಳೆಯುತ್ತ ಕೂರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ಹಗಲೂ ರಾತ್ರಿಯೂ ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಪ್ರಶ್ನಾವಳಿಯ ಹಾಳೆಗಳು ಹಿಂದಿನ ಮೇಜಿನ ಮೇಲಿವೆ. ಮನೆಗೆ ಒಯ್ದು ತುಂಬಿ, ಮನೆಯಲ್ಲೇ ಇಟ್ಟುಕೊಳ್ಳಿ. ಮ್ಯಾನೇಜರ್ ನೋಡುತ್ತಾರೆ ಎಂದು ಗೊತ್ತಾದರೆ ಎಲ್ಲರ ಅಂಕವೂ 10ರ ಒಳಗೇ ಬರುತ್ತದೆ.