ಜೀಪು ಎತ್ತರವಾಯಿತು, ಸ್ಟೇರಿಂಗ್ ಸಡಿಲವಾಯಿತು

ಕೇಳುಗರಿಗೆ ನಮಸ್ಕಾರ.

ಮಲೆನಾಡಿನ ತೋಟದ ದಾರಿಯಲ್ಲಿ ಹಳೇ ಜೀಪು ಓಡಿಸುವವರ ಕೈ ನೋಡಿದ್ದೀರಾ? ರಸ್ತೆ ನೇರವಾಗಿದ್ದರೂ ಕೈ ಸುಮ್ನಿರುವುದಿಲ್ಲ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಸ್ಟೇರಿಂಗ್ ಆಡಿಸುತ್ತಲೇ ಇರುತ್ತಾರೆ, ತೊಟ್ಟಿಲು ತೂಗಿದ ಹಾಗೆ. ಕೇಳಿದರೆ "ಹಳೇ ಗಾಡಿ, ಹೀಗೇ ಇರೋದು" ಅನ್ನುತ್ತಾರೆ. ನಾನೂ ಬಹಳ ಕಾಲ ಹಾಗೇ ನಂಬಿದ್ದೆ.

ನಮ್ಮನೆಯಲ್ಲಿರುವುದು ಸಿಜೆ-3ಬಿ ಜೀಪು. ಬಾನೆಟ್ ಎತ್ತರವಾಗಿರುತ್ತದಲ್ಲ, ಅದೇ. ಅಮೆರಿಕದ ವಿಲ್ಲೀಸ್ ಕಂಪನಿ 1953ರಲ್ಲಿ ತಂದ ಮಾದರಿ. ಅಲ್ಲಿ 1968ಕ್ಕೆ ನಿಂತಿತು. ನಮ್ಮಲ್ಲಿ ಮಹೀಂದ್ರದವರು ಅದನ್ನು ಆಮೇಲೂ ಎಷ್ಟೋ ವರ್ಷ ತಯಾರಿಸಿದರು. ಮಳೆಗಾಲದಲ್ಲಿ ತೋಟದ ಕಲ್ಲಿಗೆ ಹೊಟ್ಟೆ ಬಡಿಯುತ್ತದೆ ಅಂತ ಒಂದು ಸಲ ಮುಂದುಗಡೆ ಉದ್ದದ ಶ್ಯಾಕಲ್ (ಸ್ಪ್ರಿಂಗ್ ಪ್ಲೇಟನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿಸಿ, ದಪ್ಪ ಟಯರ್ ಕೂರಿಸಿ ಎತ್ತರ ಮಾಡಿಸಿದೆ. ನೋಡಲು ಗತ್ತು ಬಂತು. ಸ್ಟೇರಿಂಗ್ ಮಾತ್ರ ಕೈ ಬಿಟ್ಟಿತು. ಪೇಟೆಯ ಗ್ಯಾರೇಜೊಂದರಲ್ಲಿ ತೋರಿಸಿದೆ. ಅವರು ಸ್ಟೇರಿಂಗ್ ಬಾಕ್ಸಿನ, ಅಂದರೆ ಸ್ಟೇರಿಂಗ್ ಕಂಬದ ಬುಡದ ಗೇರು ಡಬ್ಬಿಯ, ಪಕ್ಕದ ಸ್ಕ್ರೂ ಬಿಗಿ ಮಾಡಿ, ಐದೇ ನಿಮಿಷದಲ್ಲಿ "ಆಯ್ತು ಸಾರ್" ಅಂದರು. ಮನೆಗೆ ಬರುವಾಗ ತಿರುವಿನಲ್ಲಿ ತಿರುಗಿಸಿದ ಸ್ಟೇರಿಂಗ್ ವಾಪಸ್ ಬರಲೇ ಇಲ್ಲ. ನಾನೇ ಎಳೆದು ನೇರ ಮಾಡಬೇಕಾಯಿತು. ಪಕ್ಕದಲ್ಲೇ ಇಳಿಜಾರು ಬೇರೆ.

ಆಗ ಗೊತ್ತಾಗಿದ್ದು ಇಷ್ಟು. ನಾವು "ಸಡಿಲ" ಅಂತ ಒಂದೇ ಹೆಸರಿನಲ್ಲಿ ಕರೆಯುವ ಕಾಯಿಲೆಗಳು ಎರಡಿವೆ. ಸ್ಟೇರಿಂಗ್ ತಿರುಗುತ್ತದೆ, ಚಕ್ರ ತಿರುಗುವುದಿಲ್ಲ. ಇದು ಪ್ಲೇ. ಯಾವುದೋ ಭಾಗ ಸವೆದಿದೆ ಅಂತ ಅರ್ಥ. ಇನ್ನೊಂದರಲ್ಲಿ ಪ್ಲೇ ಇರುವುದಿಲ್ಲ, ಆದರೂ ಗಾಡಿ ತನ್ನ ಪಾಡಿಗೆ ತಾನು ಅಲೆಯುತ್ತದೆ. ಇದು ಕೋನ ತಪ್ಪಿದ ತೊಂದರೆ. ಎತ್ತರಿಸಿದ ಹಳೇ ಗಾಡಿಯಲ್ಲಿ ಎರಡೂ ಒಟ್ಟಿಗೆ ಇರುತ್ತವೆ. ಒಂದರ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲು ಪ್ಲೇ ಹುಡುಕೋಣ. ಇದಕ್ಕೆ ಜ್ಯಾಕ್ ಬೇಡ. ಗಾಡಿ ಸಮತಟ್ಟು ಜಾಗದಲ್ಲಿ ನಾಲ್ಕು ಚಕ್ರದ ಮೇಲೇ ನಿಂತಿರಲಿ, ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ನಾನು ಗೋಣಿಚೀಲ ಹಾಸಿಕೊಂಡು ಕೆಳಗೆ ಮಲಗಿದೆ. ಅಕ್ಕನ ಮಗನನ್ನು ಸೀಟಿನಲ್ಲಿ ಕೂರಿಸಿ, "ಎರಡಿಂಚು ಆಚೆ, ಎರಡಿಂಚು ಈಚೆ ಆಡಿಸ್ತಾ ಇರು, ಜಾಸ್ತಿ ಬೇಡ" ಅಂದೆ. ಪೂರ್ತಿ ತಿರುಗಿಸಿದರೆ ಏನೂ ತಿಳಿಯುವುದಿಲ್ಲ. ಸಣ್ಣಗೆ ಆಡಿಸಿದಾಗಲೇ ಕಳ್ಳ ಸಿಕ್ಕಿಬೀಳುವುದು.

ಬಾಕ್ಸಿನಿಂದ ಶುರು ಮಾಡಿ. ಒಳಗಿನ ಗೇರು ಬಿಡಿ, ಬಾಕ್ಸೇ ಚಾಸಿಯ ಮೇಲೆ ಅಲುಗುತ್ತಿದೆಯಾ? ಬೋಲ್ಟ್ ಸಡಿಲವಾಗಿರಬಹುದು, ಚಾಸಿಯೇ ಬಿರುಕು ಬಿಟ್ಟಿರಬಹುದು. ಮಣ್ಣು, ಗ್ರೀಸು ಮೆತ್ತಿರುವ ಕಡೆ ಬಿರುಕು ಕಾಣುವುದಿಲ್ಲ, ಒರೆಸಿ ನೋಡಿ. ಅಲ್ಲಿಂದ ಡ್ರಾಪ್ ಆರ್ಮ್, ಅಂದರೆ ಬಾಕ್ಸಿನಿಂದ ಹೊರಬರುವ ತೋಳು. ಆಮೇಲೆ ಆ ತೋಳು ತಳ್ಳುವ ರಾಡು, ಡ್ರ್ಯಾಗ್ ಲಿಂಕ್. ನಮ್ಮ ಜೀಪಿನ ಡ್ರ್ಯಾಗ್ ಲಿಂಕಿನ ತುದಿಯೊಳಗೆ ಸ್ಪ್ರಿಂಗು, ಬಟ್ಟಲು, ಅವನ್ನು ಒತ್ತಿ ಹಿಡಿಯುವ ಪ್ಲಗ್ ಇರುತ್ತವೆ. ಅಲ್ಲಿ ಆಟ ಇದ್ದರೆ ಪ್ಲಗ್ ಬಿಗಿ ಮಾಡಿ, ಸ್ವಲ್ಪ ಹಿಂದಕ್ಕೆ ಬಿಟ್ಟು, ಹೊಸ ಸ್ಪ್ಲಿಟ್ ಪಿನ್ ಹಾಕಬೇಕು. ಹಳೇ ಪಿನ್ನನ್ನೇ ಬಗ್ಗಿಸಿ ಹಾಕುವ ಜಿಪುಣತನ ಇಲ್ಲಿ ಬೇಡ.

ಕಣ್ಣಿಗಿಂತ ಅಂಗೈ ವಾಸಿ. ಒಂದೊಂದು ಜಾಯಿಂಟಿನ ಮೇಲೂ ಅಂಗೈ ಇಟ್ಟೆ, ಎರಡು ಭಾಗಗಳನ್ನೂ ಒಟ್ಟಿಗೆ ಮುಟ್ಟುವ ಹಾಗೆ. ಬೆಲ್ ಕ್ರಾಂಕ್ ಹತ್ತಿರ ಬಂದಾಗ ಕೈಗೆ 'ಟಕ್' ಅಂತ ತಾಗಿತು. ಈ ಬೆಲ್ ಕ್ರಾಂಕ್ ಅಂದರೆ ಚಾಸಿಯ ಮುಂದಿನ ಅಡ್ಡಪಟ್ಟಿಯ (ಕ್ರಾಸ್ ಮೆಂಬರ್) ಮೇಲೆ ಒಂದು ಪಿನ್ನಿನಲ್ಲಿ ತಿರುಗುವ ಸಣ್ಣ ಕೈ. ಡ್ರ್ಯಾಗ್ ಲಿಂಕ್ ಅದನ್ನು ತಳ್ಳುತ್ತದೆ, ಅದು ಎರಡು ಟೈ ರಾಡ್ ಮೂಲಕ ಎರಡೂ ಚಕ್ರ ತಿರುಗಿಸುತ್ತದೆ. ಅದರ ಪಿನ್ನು ಒಂದು ಕಡೆಯಲ್ಲೇ ಸವೆದು, ಚೀಪಿದ ಪೆಪ್ಪರಮಿಂಟಿನ ಥರ ಆಗಿತ್ತು. ಪಿನ್ನಿನಲ್ಲಿ ಇಷ್ಟೇ ಇಷ್ಟು ಆಟ ಇದ್ದರೂ ಸ್ಟೇರಿಂಗಿಗೆ ಬರುವಷ್ಟರಲ್ಲಿ ಅದು ಮೂರ್ನಾಲ್ಕು ಇಂಚಾಗಿರುತ್ತದೆ. ಪಿನ್ನು, ಬುಷ್ ಎರಡನ್ನೂ ಒಟ್ಟಿಗೇ ಬದಲಿಸಿದೆ. ಬಾಕ್ಸಿನ ತಪ್ಪು ಅಂದುಕೊಂಡಿದ್ದರಲ್ಲಿ ಮುಕ್ಕಾಲು ಪಾಲು ಅಲ್ಲೇ ಹೋಯಿತು.

ಟೈ ರಾಡ್ ಎಂಡ್, ಅಂದರೆ ರಾಡಿನ ತುದಿಯ ಗುಂಡು-ಬಟ್ಟಲಿನ ಕೀಲು, ನೋಡುವಾಗ ಒಂದು ಎಚ್ಚರ. ರಾಡನ್ನು ಹಿಡಿದು ತಿರುಚಿದರೆ ಅದು ಸ್ವಲ್ಪ ಹೊರಳುತ್ತದೆ. ಅದು ದೋಷ ಅಲ್ಲ, ಗುಂಡು ಬಟ್ಟಲಲ್ಲಿ ತಿರುಗಲೇಬೇಕಲ್ಲ. ಗುಂಡು ಬಟ್ಟಲಿನೊಳಗೆ ಮೇಲೆ ಕೆಳಗೆ ಕುಣಿದರೆ ಮಾತ್ರ ಎಂಡ್ ಸತ್ತಿದೆ ಅಂತ.

ಈಗ ಜ್ಯಾಕ್ ತಂದು ಮುಂದಿನ ಚಕ್ರ ಎತ್ತಿ. ಜ್ಯಾಕನ್ನೇ ನಂಬಿ ಕೆಳಗೆ ತಲೆ ಹಾಕಬೇಡಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಿಸಿ. ಆಡಿದರೆ ವೀಲ್ ಬೇರಿಂಗ್ ಇರಬೇಕು ಅಥವಾ ಕಿಂಗ್ ಪಿನ್, ಅಂದರೆ ಚಕ್ರ ಎಡಬಲಕ್ಕೆ ತಿರುಗುವ ಕೀಲು. ಯಾವುದು ಅಂತ ತಿಳಿಯಲು ಸುಲಭದ ಉಪಾಯ ಇದೆ. ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಟ ನಿಂತರೆ ಬೇರಿಂಗ್, ಹಾಗೇ ಉಳಿದರೆ ಕಿಂಗ್ ಪಿನ್. ಬೇರಿಂಗ್ ನಟ್ ಬಿಗಿ ಮಾಡುವುದು ಅರ್ಧ ಗಂಟೆಯ ಕೆಲಸ. ಕಿಂಗ್ ಪಿನ್ ಹಾಗಲ್ಲ. ಅದರ ಬೇರಿಂಗಿಗೆ ಮೇಲೆ ಕೆಳಗೆ ತೆಳು ತಗಡಿನ ಶಿಮ್‌ಗಳಿರುತ್ತವೆ, ಒಂದೊಂದೇ ತೆಗೆದು ಬಿಗಿ ನೋಡಬೇಕು. ಟೈ ರಾಡ್ ಬಿಚ್ಚಿ, ಸ್ಟೇರಿಂಗ್ ಆರ್ಮಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಷ್ಟು ಎಳೆತಕ್ಕೆ ತಿರುಗುತ್ತದೆ ಅಂತ ಅಳೆಯುತ್ತಾರೆ. ನಾನು ಬಳಸಿದ್ದು ಮೆಣಸು ತೂಗುವ ತಕ್ಕಡಿಯನ್ನೇ.

ಬಾಕ್ಸಿನ ಸ್ಕ್ರೂಗೆ ಕೈ ಹಾಕುವುದು ಇಷ್ಟೆಲ್ಲ ಆದ ಮೇಲೆ. ಡ್ರ್ಯಾಗ್ ಲಿಂಕ್ ಕಳಚಿ, ಸ್ಟೇರಿಂಗನ್ನು ನಟ್ಟ ನಡುವೆ ನಿಲ್ಲಿಸಿ ಬಿಗಿ ಮಾಡಬೇಕು. ಆ ಬಾಕ್ಸಿನೊಳಗಿನ ಸುರುಳಿಯನ್ನು ನಡುವೆ ಬಿಗಿ, ತುದಿಗಳಲ್ಲಿ ಸ್ವಲ್ಪ ಸಡಿಲ ಇರುವ ಹಾಗೆ ಕೊರೆದಿರುತ್ತಾರೆ. ನಡುವೆ ಚೂರೇ ಚೂರು ಹಿಡಿದಂತಾದರೆ ಸಾಕು. ಅದಕ್ಕಿಂತ ಜಾಸ್ತಿಯಾದರೆ ಸ್ಟೇರಿಂಗ್ ವಾಪಸ್ ಬರುವುದಿಲ್ಲ. ನನಗೆ ಆಗಿದ್ದು ಅದೇ.

ಪ್ಲೇ ಹೋಯಿತು. ಆದರೂ ನಮ್ಮ ಜೀಪು ಟಾರು ರಸ್ತೆಯಲ್ಲಿ ಅಲೆಯುತ್ತಿತ್ತು. ಇನ್ನು ಎರಡನೇ ಕಾಯಿಲೆ.

ಸೈಕಲ್ಲಿನ ಮುಂದಿನ ಫೋರ್ಕ್ ನೆನಪಿಸಿಕೊಳ್ಳಿ. ನೆಟ್ಟಗೆ ಇರುವುದಿಲ್ಲ, ಹಿಂದಕ್ಕೆ ವಾಲಿರುತ್ತದೆ. ಅದಕ್ಕೇ ಕೈ ಬಿಟ್ಟರೂ ಸೈಕಲ್ ನೇರ ಹೋಗುತ್ತದೆ. ಜೀಪಿನ ಕಿಂಗ್ ಪಿನ್ನಿಗೂ ಅಂಥದೇ ವಾಲು ಇದೆ, ಕ್ಯಾಸ್ಟರ್ ಅನ್ನುತ್ತಾರೆ. ಈ ಜೀಪಿಗೆ ಅದು 3 ಡಿಗ್ರಿ. ನಮ್ಮಲ್ಲಿ ಶ್ಯಾಕಲ್ ಇರುವುದು ಪ್ಲೇಟಿನ ಮುಂದಿನ ತುದಿಯಲ್ಲಿ. ಅದನ್ನು ಉದ್ದ ಮಾಡಿದರೆ ಪ್ಲೇಟಿನ ಮುಂಭಾಗ ಕೆಳಗಿಳಿಯುತ್ತದೆ, ಆಕ್ಸಲ್ ಮುಂದಕ್ಕೆ ಮಗುಚುತ್ತದೆ. ಇರುವ ಮೂರು ಡಿಗ್ರಿಯೂ ಕರಗುತ್ತದೆ. ಪ್ಲೇಟಿಗೂ ಆಕ್ಸಲ್ಲಿಗೂ ನಡುವೆ ಬೆಣೆಯಂಥ ಶಿಮ್ ಕೊಟ್ಟು ಅದನ್ನು ವಾಪಸ್ ತರಬಹುದು. ಬೆಣೆ ಉಲ್ಟಾ ಹಾಕಿದರೆ ತೊಂದರೆ ಇಮ್ಮಡಿ. ಕೋನ ಅಳೆದೇ ಹಾಕಿ.

ಎತ್ತರದಿಂದ ಇನ್ನೊಂದು ಹೊಡೆತವೂ ಇದೆ. ಬೆಲ್ ಕ್ರಾಂಕ್ ಚಾಸಿಯ ಜೊತೆ ಮೇಲಕ್ಕೆ ಹೋಯಿತು, ಚಕ್ರ ಕೆಳಗೇ ಉಳಿಯಿತು. ಹೆಚ್ಚುಕಡಿಮೆ ಅಡ್ಡಡ್ಡ ಇದ್ದ ಟೈ ರಾಡ್‌ಗಳು ಮನೆ ಸೂರಿನ ಹಾಗೆ ಇಳಿಜಾರಾದವು. ಗುಂಡಿಗೆ ಚಕ್ರ ಎಗರಿದಾಗಲೆಲ್ಲ ರಾಡು ಚಕ್ರವನ್ನು ತಾನೇ ತಿರುಗಿಸುತ್ತದೆ, ನೀವು ಕೈ ಆಡಿಸದಿದ್ದರೂ. ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗಿನ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್) ಹಾಕಿ ಇದನ್ನು ಮುಚ್ಚುವವರಿದ್ದಾರೆ. ನನ್ನ ಪ್ರಕಾರ ಅದು ಜ್ವರಕ್ಕೆ ಕಂಬಳಿ ಹೊದಿಸಿದ ಹಾಗೆ. ನಾನು ಉದ್ದದ ಶ್ಯಾಕಲ್ ತೆಗೆಸಿ ಮೊದಲಿನ ಅಳತೆಯದನ್ನೇ ಹಾಕಿಸಿದೆ. ಬೆಣೆಯ ಗೊಡವೆಯೂ ತಪ್ಪಿತು. ಕಾನೂನಿನ ಮಾತೂ ಇದೆ. ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ವಾಹನ ಬದಲಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ.

ಕಡೆಯದು ಟೋ ಇನ್, ಅಂದರೆ ಮುಂದಿನ ಚಕ್ರಗಳು ಮುಂಭಾಗದಲ್ಲಿ ಚೂರು ಒಳಕ್ಕೆ ತಿರುಗಿರುವುದು. ಮುಂದಿನ ಎರಡೂ ಟಯರಿನ ಮೈಯ ನಟ್ಟ ನಡುವೆ ಒಂದೊಂದು ಸೀಮೆಸುಣ್ಣದ ಗೆರೆ ಎಳೆದು, ಮುಂಭಾಗದಲ್ಲಿ ಆಕ್ಸಲ್ ಎತ್ತರಕ್ಕೆ ಎರಡು ಗೆರೆಗಳ ನಡುವಿನ ದೂರವನ್ನು ಟೇಪಿನಲ್ಲಿ ಅಳೆಯಿರಿ. ಗೆರೆ ಹಿಂದಕ್ಕೆ ಬರುವವರೆಗೆ ಗಾಡಿ ತಳ್ಳಿ, ಮತ್ತೆ ಅಳೆಯಿರಿ. ಮುಂದಿನ ಅಳತೆ ಒಂದರಿಂದ ಎರಡು ಮಿಲಿಮೀಟರ್ ಕಡಿಮೆ ಇರಬೇಕು. ಸವೆದ ಭಾಗ ಹಾಗೇ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ದುಡ್ಡು ದಂಡ. ಪ್ಲೇಟು ಬಿಚ್ಚಿದ್ದರೆ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಪ್ಲೇಟನ್ನು ಆಕ್ಸಲ್ಲಿಗೆ ಹಿಡಿದಿಡುವ ಯು ಬೋಲ್ಟ್ ಇನ್ನೊಮ್ಮೆ ಬಿಗಿ ಮಾಡಿ. ಅವು ಸಡಿಲಾಗೇ ಆಗುತ್ತವೆ.

ಆ ಸವೆದ ಬೆಲ್ ಕ್ರಾಂಕ್ ಪಿನ್ನನ್ನು ನಾನು ಎಸೆಯಲಿಲ್ಲ. ಈಗ ಅದು ತೋಟದ ಗೇಟಿನ ಚಿಲಕಕ್ಕೆ ಸಿಕ್ಕಿಸುವ ಗೂಟ. ಅಲ್ಲೂ ಸ್ವಲ್ಪ ಆಡುತ್ತದೆ.

ನಮಸ್ಕಾರ.