ಟ್ರೌಟ್ ಬಿಡುವ ಮುನ್ನ ಕೊಳದ ನೀರು

ಕೇಳುಗರಿಗೆ ನಮಸ್ಕಾರ.

ಸ್ವಂತ ಜಮೀನಿನಲ್ಲಿ ಕೊಳವೋ ಸಣ್ಣ ಸರೋವರವೋ ಇರುವವರಿಗೆ ಅದರಲ್ಲಿ ಟ್ರೌಟ್ ಮೀನು ಬಿಡಬೇಕೆಂಬ ಆಸೆ ಹುಟ್ಟುವುದು ಸಹಜ. ಗಾಳ ಹಾಕುವವರಿಗೆ ಅದು ಸುಲಭವಾಗಿ ಸೋಲದ ಮೀನು. ಗಾಳವನ್ನೇ ಹಿಡಿಯದವರಿಗೂ ಸಂಜೆಯ ಹೊತ್ತಿನಲ್ಲಿ ನೀರಿನ ಮೇಲಿನ ಹುಳುವಿಗಾಗಿ ಮೇಲೆದ್ದು, ಬಳೆಯಂಥ ಒಂದು ಅಲೆಯನ್ನು ಬಿಟ್ಟು ಮರೆಯಾಗುವ ಆ ಮೀನನ್ನು ನೋಡುವುದೇ ಒಂದು ಸಂತೋಷ. ಆದರೆ ಹೀಗೆ ಆಸೆಪಟ್ಟು ಬಿತ್ತನೆ ಮಾಡಿದ ಮೀನುಗಳು ಮೊದಲ ಬೇಸಿಗೆಯಲ್ಲೇ ಹೊಟ್ಟೆ ಮೇಲಾಗಿ ತೇಲುವುದೂ ಉಂಟು. ಅದಕ್ಕೆ ಕಾರಣ ಹೆಚ್ಚಿನ ಸಲ ಮೀನಿನಲ್ಲಿರುವುದಿಲ್ಲ. ಮರಿ ತರುವುದಕ್ಕೆ ಮೊದಲು ಕೊಳದ ನೀರನ್ನು ಒಂದು ಪೂರ್ತಿ ವರ್ಷ ಅಳೆದು ನೋಡದೆ ಇದ್ದುದರಲ್ಲಿ ಇರುತ್ತದೆ. ಆದ್ದರಿಂದ ಈ ಹೊತ್ತಿನ ನನ್ನ ಮಾತು ಮೀನಿಗಿಂತ ಹೆಚ್ಚಾಗಿ ನೀರನ್ನು ಕುರಿತದ್ದು.

ಟ್ರೌಟ್ ತಣ್ಣೀರಿನ ಮೀನು. ಆ ತಂಪಿನ ಮೇಲೆ ಅದರ ಜೀವ ಎಷ್ಟು ನಿಂತಿದೆ ಎಂಬುದಕ್ಕೆ 1864ರ ಒಂದು ಹಡಗಿನ ಪ್ರಯಾಣವನ್ನು ನೆನೆಯಬಹುದು. ಇಂಗ್ಲೆಂಡಿನಿಂದ ಆಸ್ಟ್ರೇಲಿಯಾದ ಕಡೆಗೆ ಹೊರಟ ನಾರ್ಫೋಕ್ ಎಂಬ ಹಡಗಿನಲ್ಲಿ ಸಾಲ್ಮನ್ ಮೊಟ್ಟೆಗಳ ಜೊತೆಗೆ ಕೆಲವು ಸಾವಿರ ಬ್ರೌನ್ ಟ್ರೌಟ್ ಮೊಟ್ಟೆಗಳನ್ನೂ ಒದ್ದೆ ಹಾವಸೆಯಲ್ಲಿ ಸುತ್ತಿ, ಮಂಜುಗಡ್ಡೆಯ ಕೋಣೆಯಲ್ಲಿ ಇರಿಸಲಾಗಿತ್ತು. ಹಿಂದಿನ ಯತ್ನಗಳಲ್ಲಿ ಮಂಜುಗಡ್ಡೆ ದಾರಿಯಲ್ಲೇ ಕರಗಿ ಸಾಲ್ಮನ್ ಮೊಟ್ಟೆಗಳು ಕೆಟ್ಟುಹೋಗಿದ್ದವು. ಈ ಸಲ ಸುಮಾರು 3 ತಿಂಗಳ ಪ್ರಯಾಣದುದ್ದಕ್ಕೂ ತಂಪು ಉಳಿಯಿತು, ಭೂಮಧ್ಯರೇಖೆಯನ್ನು ದಾಟಿ ಬಂದ ಆ ಮೊಟ್ಟೆಗಳು ಮೇ ತಿಂಗಳ ಆರಂಭದಲ್ಲಿ ಟಾಸ್ಮೇನಿಯಾದ ಕೊಳಗಳಲ್ಲಿ ಒಡೆದು ಮರಿಗಳಾದವು. ದಕ್ಷಿಣ ಗೋಳಾರ್ಧದ ಟ್ರೌಟ್ ಚರಿತ್ರೆ ಅಲ್ಲಿಂದ ಮೊದಲಾಗುತ್ತದೆ.

ಕೊಳಗಳಿಗೆ ಹೆಚ್ಚಾಗಿ ಬಿಡುವ ರೇನ್‌ಬೋ ಟ್ರೌಟ್‌ಗೆ ಹಿತವಾದ ಉಷ್ಣತೆ ಸುಮಾರು 12ರಿಂದ 16 ಡಿಗ್ರಿ ಸೆಲ್ಸಿಯಸ್. 20 ಡಿಗ್ರಿ ದಾಟಿದ ಮೇಲೆ ಅದು ಮೇವಿನ ಮೇಲಿನ ಆಸಕ್ತಿ ಕಳೆದುಕೊಳ್ಳುತ್ತದೆ, 25ರ ಆಸುಪಾಸಿನ ನೀರು ಕೆಲವು ದಿನ ಹಾಗೆಯೇ ಉಳಿದರೆ ಸಾಯುತ್ತದೆ. ಇಲ್ಲಿ ಬಿಸಿ ಒಂದೇ ಕೊಲ್ಲುವುದಿಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಸಮುದ್ರಮಟ್ಟದಲ್ಲಿ 10 ಡಿಗ್ರಿಯ ಸಿಹಿನೀರು ಒಂದು ಲೀಟರಿಗೆ 11 ಮಿಲಿಗ್ರಾಮಿಗಿಂತ ತುಸು ಹೆಚ್ಚು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 25 ಡಿಗ್ರಿಯಲ್ಲಿ ಅದು ಸುಮಾರು 8ಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಬಿಸಿನೀರಿನಲ್ಲಿ ಮೀನಿನ ಮೈಯ ವ್ಯಾಪಾರಗಳು ಚುರುಕಾಗಿ, ಅದಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ಬೇಡಿಕೆ ಏರುತ್ತಿರುವಾಗಲೇ ಪೂರೈಕೆ ಇಳಿಯುವ ಈ ಇಕ್ಕಟ್ಟಿನಲ್ಲಿ, ಲೀಟರಿಗೆ 5 ಅಥವಾ 6 ಮಿಲಿಗ್ರಾಮಿಗಿಂತ ಕೆಳಗಿಳಿದ ನೀರು ಟ್ರೌಟ್‌ಗೆ ಅಪಾಯದ ನೀರು. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಪಾಚಿ ಮತ್ತು ಜಲಸಸ್ಯಗಳು ಹಗಲಿನಲ್ಲಿ ಆಮ್ಲಜನಕವನ್ನು ಕೊಡುತ್ತವೆ, ಇರುಳಿನಲ್ಲಿ ತಾವೇ ಅದನ್ನು ಬಳಸಿಕೊಳ್ಳುತ್ತವೆ. ಹಾಗಾಗಿ ಮಧ್ಯಾಹ್ನ ಅಳೆದರೆ ಕೊಳ ಆರೋಗ್ಯವಾಗಿಯೇ ಕಾಣುತ್ತದೆ. ನಿಜಸ್ಥಿತಿ ಗೊತ್ತಾಗುವುದು ವರ್ಷದ ಅತ್ಯಂತ ಬಿಸಿಯ ವಾರಗಳಲ್ಲಿ, ಸೂರ್ಯೋದಯಕ್ಕೆ ಮುಂಚೆ ಅಳೆದಾಗ.

ಅಳೆಯುವಾಗ ದಡದಲ್ಲಿ ನಿಂತು ಮೇಲ್ಮೈಯ ನೀರನ್ನಷ್ಟೇ ನೋಡಿದರೆ ಸಾಲದು. ಆಳವಾದ ಕೊಳಗಳಲ್ಲಿ ಬೇಸಿಗೆಯ ನೀರು ಪದರ ಪದರವಾಗಿ ನಿಲ್ಲುತ್ತದೆ. ಬಿಸಿಯಾದ ಹಗುರ ನೀರು ಮೇಲೆ, ತಂಪಾದ ಭಾರದ ನೀರು ಕೆಳಗೆ. ಎರಡೂ ತಿಂಗಳುಗಟ್ಟಲೆ ಬೆರೆಯುವುದಿಲ್ಲ. ತಳದ ನೀರಿಗೆ ಗಾಳಿಯ ಸಂಪರ್ಕ ತಪ್ಪಿಹೋಗಿ, ಕೆಳಗೆ ಕೊಳೆಯುವ ಎಲೆ, ಕೆಸರು, ಸತ್ತ ಪಾಚಿ ಎಲ್ಲವೂ ಅಲ್ಲಿನ ಆಮ್ಲಜನಕವನ್ನು ಮುಗಿಸುತ್ತವೆ. ಆಗ ಟ್ರೌಟ್‌ಗೆ ಮೇಲಿನ ನೀರಿನಲ್ಲಿ ಬಿಸಿ ತಾಳುವುದಿಲ್ಲ, ಕೆಳಗಿನ ನೀರಿನಲ್ಲಿ ಉಸಿರು ದಕ್ಕುವುದಿಲ್ಲ. ನಡುವೆ ಉಳಿದ ತೆಳ್ಳನೆಯ ಪದರದಲ್ಲಿ ಅದು ದಿನ ದೂಡಬೇಕು, ಆ ಪದರವೂ ಇಲ್ಲವಾದ ದಿನ ಕೊಳದ ಮೀನೆಲ್ಲ ಒಟ್ಟಿಗೆ ಸಾಯುತ್ತದೆ. ದಾರಕ್ಕೆ ಉಷ್ಣಮಾಪಕ ಕಟ್ಟಿ ಮೀಟರಿಗೊಂದು ಸಲ ಉಷ್ಣತೆಯನ್ನೂ, ಆಮ್ಲಜನಕ ಮಾಪಕದಿಂದ ಅದೇ ಆಳಗಳ ಆಮ್ಲಜನಕವನ್ನೂ ಬರೆದಿಟ್ಟುಕೊಂಡರೆ, ಈ ಪದರ ನಿಮ್ಮ ಕೊಳದಲ್ಲಿ ಇದೆಯೇ, ಎಷ್ಟು ದಪ್ಪ, ಎಷ್ಟು ವಾರ ಉಳಿಯುತ್ತದೆ ಎಂಬುದೆಲ್ಲ ಕಾಗದದ ಮೇಲೆ ಕಾಣುತ್ತದೆ. ಈ ಕೆಲಸಕ್ಕೆ ತಗಲುವ ಖರ್ಚು ಸತ್ತುಹೋಗುವ ಮೀನುಗಳ ಖರ್ಚಿನ ಮುಂದೆ ಏನೂ ಅಲ್ಲ.

ಗಾಳಿಯಾಡಿಸುವ ಯಂತ್ರ ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಹಲವರು ನಂಬುತ್ತಾರೆ. ಈ ನಂಬಿಕೆಯನ್ನು ನಾನು ಸ್ವಲ್ಪ ನಿಧಾನವಾಗಿ ಬಿಡಿಸಿ ಹೇಳಬೇಕು. ತಳದಿಂದ ಗುಳ್ಳೆ ಎಬ್ಬಿಸುವ ಯಂತ್ರ ಆಮ್ಲಜನಕವನ್ನು ಹೆಚ್ಚಿಸುವುದು ನಿಜ, ಆದರೆ ಅದು ಮೇಲಿನ ಬಿಸಿನೀರನ್ನೂ ಕೆಳಗಿನ ತಣ್ಣೀರನ್ನೂ ಬೆರೆಸಿಬಿಡುತ್ತದೆ. ಬೇರೆ ಮೀನುಗಳಿಗೆ ಇದರಿಂದ ಒಳಿತಾಗಬಹುದು. ಟ್ರೌಟ್‌ಗಾದರೋ ಅದರ ಕೊನೆಯ ತಂಪು ಆಸರೆಯೇ ಹೋಗುತ್ತದೆ. ನಡುಬೇಸಿಗೆಯಲ್ಲಿ ಗಾಬರಿಯಿಂದ ಮೊದಲ ಸಲ ಯಂತ್ರ ಓಡಿಸುವುದಂತೂ ಇನ್ನೂ ಕೆಟ್ಟದ್ದು, ಏಕೆಂದರೆ ಆಮ್ಲಜನಕವಿಲ್ಲದ ತಳದ ನೀರು ಏಕಾಏಕಿ ಮೇಲೆದ್ದು ಕೊಳವನ್ನೆಲ್ಲ ವ್ಯಾಪಿಸುತ್ತದೆ. ಪದರಗಳನ್ನು ಕದಡದೆ ತಳದ ನೀರಿಗೆ ಮಾತ್ರ ಆಮ್ಲಜನಕ ಸೇರಿಸುವ ವಿಧಾನಗಳಿವೆ, ದೊಡ್ಡ ಆಳದ ಸರೋವರಕ್ಕೆ ಅವು ತಕ್ಕವು. ಸಣ್ಣ ಕೊಳದಲ್ಲಿ ಯಂತ್ರ ಬೇಕೇ ಬೇಕೆಂದಾದರೆ, ಬಿಸಿಲೇರುವ ಮುಂಚಿನ ತಿಂಗಳುಗಳಲ್ಲೇ ಅದನ್ನು ಆರಂಭಿಸಿ, ಹೊರಗಿನ ಗಾಳಿ ತಂಪಾಗಿರುವ ರಾತ್ರಿಯ ಹೊತ್ತಿನಲ್ಲಿ ಓಡಿಸುವುದು ಮೇಲು.

ಭೂಮಿಯೊಳಗಿನ ಒರತೆಯ ನೀರು ಬರುವ ಕೊಳವಿದ್ದವರು ಪುಣ್ಯವಂತರು. ಅಂತರ್ಜಲದ ಉಷ್ಣತೆ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ, ಆ ಪ್ರದೇಶದ ಗಾಳಿಯ ವಾರ್ಷಿಕ ಸರಾಸರಿಯ ಆಸುಪಾಸಿನಲ್ಲೇ ಇರುತ್ತದೆ. ಆದರೆ ಒರತೆಯ ನೀರಿನಲ್ಲಿ ಆಮ್ಲಜನಕ ತೀರ ಕಡಿಮೆಯೂ ಸಾರಜನಕ ಅಗತ್ಯಕ್ಕಿಂತ ಹೆಚ್ಚೂ ಇರಬಹುದು. ಕೊಳಕ್ಕೆ ಸೇರುವ ಮುಂಚೆ ಅದು ಕಲ್ಲುಗಳ ಮೇಲೆ ಬಿದ್ದು, ಚದುರಿ, ನೊರೆಯಾಗಿ ಹರಿಯುವಂತೆ ಮಾಡಿದರೆ ಎರಡೂ ದೋಷ ತಗ್ಗುತ್ತವೆ.

ವರ್ಷದ ಲೆಕ್ಕ ನೋಡಿದ ಮೇಲೆ ನಿಮ್ಮ ಕೊಳ ಬೇಸಿಗೆಯಲ್ಲಿ ಟ್ರೌಟ್‌ಗೆ ಒಗ್ಗುವುದಿಲ್ಲ ಎಂದು ತಿಳಿದರೆ ಆಸೆಯನ್ನು ಪೂರ್ತಿ ಬಿಡಬೇಕಾಗಿಲ್ಲ. ನೀರು ತಣ್ಣಗಾದ ಮೇಲೆ ಹಿಡಿಯುವ ಗಾತ್ರಕ್ಕೆ ಬೆಳೆದ ಮೀನುಗಳನ್ನೇ ಬಿಟ್ಟು, ಮತ್ತೆ ಬಿಸಿಯೇರುವುದರೊಳಗೆ ಎಲ್ಲವನ್ನೂ ಹಿಡಿದು ಮುಗಿಸುವುದು ಪ್ರಾಮಾಣಿಕವಾದ ದಾರಿ. ಮೀನು ಸಾಯುವುದೆಂದು ಗೊತ್ತಿದ್ದೂ ಅಲ್ಲಿಯೇ ಬಿಟ್ಟು ಕಾಯುವುದು ನನಗೆ ಒಪ್ಪಿಗೆಯಾಗದ ಕೆಲಸ.

ಎಷ್ಟು ಮೀನು ಬಿಡಬೇಕು ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಹೊರಗಿನ ಮೇವು ಹಾಕದ ಕೊಳದಲ್ಲಿ ಮೀನಿನ ಊಟವೆಲ್ಲ ಬಿಸಿಲಿನಿಂದ ಹುಟ್ಟುವಂಥದು. ಬಿಸಿಲು ಬೀಳುವುದು ಮೇಲ್ಮೈಯ ಮೇಲೆ. ಆದಕಾರಣ ಸಂಖ್ಯೆಯನ್ನು ನೀರಿನ ವಿಸ್ತೀರ್ಣಕ್ಕೆ ತಕ್ಕಂತೆ ಎಣಿಸಬೇಕೇ ಹೊರತು ಆಳಕ್ಕೆ ತಕ್ಕಂತಲ್ಲ. ಕಡಿಮೆ ಬಿಟ್ಟವರಿಗೆ ಕೊಬ್ಬಿದ ಮೀನು ಸಿಗುತ್ತದೆ, ಹೆಚ್ಚು ಬಿಟ್ಟವರಿಗೆ ತಲೆ ದೊಡ್ಡದಾಗಿ ಮೈ ಸೊರಗಿದ ಮೀನು. ಕೊಳದಲ್ಲಿ ಬೇರೆ ಬೇಟೆಗಾರ ಮೀನುಗಳಿದ್ದರೆ ಬೆರಳುದ್ದದ ಮರಿಗಳನ್ನು ಬಿಡುವುದೆಂದರೆ ಅವುಗಳಿಗೆ ಊಟ ಬಡಿಸಿದಂತೆಯೇ ಸರಿ. ಅಲ್ಲಿಗೆ 20 ಸೆಂಟಿಮೀಟರಿಗೂ ಉದ್ದದ, ಬಲಿತ ಮೀನು ಬೇಕು. ಗುಳಿಗೆ ಮೇವು ಹಾಕುವವರು ಕೆಲವೇ ನಿಮಿಷಗಳಲ್ಲಿ ಮುಗಿಯುವಷ್ಟನ್ನು ಹಾಕಿ, ನೀರು 20 ಡಿಗ್ರಿ ದಾಟಿದ ದಿನಗಳಲ್ಲಿ ಕೈ ಬಿಗಿಹಿಡಿಯಬೇಕು, ಏಕೆಂದರೆ ತಿನ್ನದೆ ಉಳಿದ ಗುಳಿಗೆ ತಳದಲ್ಲಿ ಕೊಳೆತು ಆಮ್ಲಜನಕವನ್ನು ತಿನ್ನುತ್ತದೆ. ಪಾಚಿ ಕೊಲ್ಲಲು ಮೈಲುತುತ್ತ ಸುರಿಯುವ ಅಭ್ಯಾಸವನ್ನು ಟ್ರೌಟ್ ಕೊಳದಲ್ಲಿ ಬಿಟ್ಟೇಬಿಡಬೇಕು. ಲವಣಾಂಶ ಕಡಿಮೆಯಿರುವ ಮೆದುನೀರಿನಲ್ಲಿ ಮೈಲುತುತ್ತದೊಳಗಿನ ತಾಮ್ರ ಈ ಮೀನಿಗೆ ಕಡುವಿಷ.

ಬಿಡುವ ದಿನದ ಎಚ್ಚರದ ಬಗ್ಗೆ ಒಂದೆರಡು ಮಾತು. ಸಾಗಣೆಗೆ ಮುಂಚೆ ಒಂದೆರಡು ದಿನ ಮೀನಿಗೆ ಮೇವು ಕೊಟ್ಟಿರಬಾರದು. ಹೊಟ್ಟೆ ಖಾಲಿಯಿದ್ದರೆ ತೊಟ್ಟಿಯ ನೀರು ಕೆಡುವುದು ಕಡಿಮೆ. ಕೊಳದ ದಡಕ್ಕೆ ಬಂದೊಡನೆ ತೊಟ್ಟಿಯ ನೀರಿನ ಉಷ್ಣತೆಯನ್ನೂ ಕೊಳದ ಉಷ್ಣತೆಯನ್ನೂ ಅಳೆಯಿರಿ. ವ್ಯತ್ಯಾಸ 5 ಡಿಗ್ರಿಗಿಂತ ಹೆಚ್ಚಿದ್ದರೆ ಆತುರಪಡಬೇಡಿ. ಚೀಲವನ್ನು ಕೊಳದ ನೀರಿನಲ್ಲಿ ತೇಲಿಬಿಟ್ಟು, ಇಲ್ಲವೇ ತೊಟ್ಟಿಗೆ ಕೊಳದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಅರ್ಧ ಗಂಟೆಯಾದರೂ ಕಾಯಿರಿ. ಉಷ್ಣತೆಯ ಏಟು ತಿಂದ ಮೀನು ಅಲ್ಲಿಯೇ ಸಾಯುವುದಿಲ್ಲ. ಚೆನ್ನಾಗಿಯೇ ಈಜಿ ಹೋದಂತೆ ಕಂಡು, ಕೆಲವು ದಿನಗಳ ಮೇಲೆ ದಡ ಸೇರುತ್ತದೆ, ಆಗ ಯಜಮಾನ ಮರಿ ಮಾರಿದವರನ್ನು ದೂರುತ್ತಾನೆ.

ಒಮ್ಮೆ ಬಿಟ್ಟರೆ ಅವೇ ಮರಿ ಮಾಡಿಕೊಳ್ಳುತ್ತವೆ ಎಂದು ಎಣಿಸಬಾರದು. ರೇನ್‌ಬೋ ಮತ್ತು ಬ್ರೌನ್ ಟ್ರೌಟ್‌ಗಳು ಹರಿಯುವ ತೊರೆಯ ಜಲ್ಲಿಯಲ್ಲಿ ಕುಳಿ ತೋಡಿ ಮೊಟ್ಟೆಯಿಡುತ್ತವೆ. 10 ಡಿಗ್ರಿಯ ನೀರಿನಲ್ಲಿ ರೇನ್‌ಬೋ ಮೊಟ್ಟೆ ಒಡೆಯಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ, ಅಷ್ಟೂ ಕಾಲ ಜಲ್ಲಿಯ ಸಂದಿಗಳಲ್ಲಿ ಹೊಸ ನೀರು ನುಸುಳುತ್ತಿರಬೇಕು. ನಿಂತ ನೀರಿನ ಕೆಸರಿನಲ್ಲಿ ಮೊಟ್ಟೆ ಉಸಿರುಗಟ್ಟುತ್ತದೆ. ತಳದಿಂದ ಒರತೆ ಉಕ್ಕುವ ಕೊಳದಲ್ಲಿ ಬ್ರೂಕ್ ಟ್ರೌಟ್ ಮಾತ್ರ ಕೆಲವೊಮ್ಮೆ ಸಂತಾನ ಬೆಳೆಸಬಲ್ಲದು. ಉಳಿದವರಿಗೆ ಬಿತ್ತನೆ ಮರುಕಳಿಸುತ್ತಲೇ ಇರಬೇಕಾದ ಕೆಲಸ.

ಮರುಕಳಿಸುವ ಕೆಲಸವಾದ್ದರಿಂದಲೇ ಮರಿಗಳನ್ನು ಎಲ್ಲಿಂದ ತರುತ್ತೇವೆ ಎಂಬುದು ಪ್ರತಿ ಸಲವೂ ಮುಖ್ಯ. ಟ್ರೌಟ್ ಮರಿಗಳ ಮೃದ್ವಸ್ಥಿಯನ್ನು ಹಾಳುಮಾಡಿ ಅವು ಗಿರಗಿರನೆ ಸುತ್ತುವಂತೆ ಮಾಡುವ ಸುತ್ತುರೋಗವೊಂದಿದೆ. ಅದರ ಪರೋಪಜೀವಿ ಕೆಸರಿನಲ್ಲಿರುವ ಟ್ಯೂಬಿಫೆಕ್ಸ್ ಎಂಬ ಸಣ್ಣ ಹುಳುವಿನೊಳಗೆ ತನ್ನ ಬದುಕಿನ ಒಂದು ಹಂತವನ್ನು ಕಳೆಯುತ್ತದೆ, ಕೊಳಕ್ಕೆ ಒಮ್ಮೆ ಬಂದರೆ ತೆಗೆಯುವುದು ಬಹು ಕಷ್ಟ. 1990ರ ದಶಕದಲ್ಲಿ ಅಮೆರಿಕದ ಮೊಂಟಾನಾದ ಮ್ಯಾಡಿಸನ್ ನದಿಯಲ್ಲಿ ರೇನ್‌ಬೋ ಟ್ರೌಟ್ ಸಂಖ್ಯೆ ಈ ರೋಗದಿಂದ ತೀವ್ರವಾಗಿ ಕುಸಿಯಿತು. ರೋಗವಿಲ್ಲವೆಂಬ ಪ್ರಮಾಣಪತ್ರವಿಲ್ಲದ ಮರಿ ಎಷ್ಟೇ ಅಗ್ಗವಾದರೂ ಬೇಡ.

ಕೊನೆಯದಾಗಿ ಕೋಡಿಯ ಮಾತು. ಕೊಳ ನಮ್ಮದಾಗಿರಬಹುದು, ಕೋಡಿ ಹರಿದು ಸೇರುವ ಹೊಳೆ ನಮ್ಮದಲ್ಲ. ಪ್ರಪಂಚದ ಅತಿ ಹಾನಿಕಾರಕ 100 ಆಕ್ರಮಣಕಾರಿ ಜೀವಿಗಳ ಪ್ರಸಿದ್ಧ ಪಟ್ಟಿಯಲ್ಲಿ ರೇನ್‌ಬೋ, ಬ್ರೌನ್ ಎರಡೂ ಟ್ರೌಟ್‌ಗಳ ಹೆಸರಿದೆ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತದ ಎತ್ತರದ ಸರೋವರಗಳಲ್ಲಿ ಹಿಂದೆ ಮೀನೇ ಇರಲಿಲ್ಲ. ಗಾಳದ ಮೋಜಿಗೆಂದು ಅಲ್ಲಿ ಬಿಟ್ಟ ಟ್ರೌಟ್‌ಗಳು ಗೊದಮೊಟ್ಟೆಗಳನ್ನು ತಿಂದು ಅಲ್ಲಿನ ಹಳದಿಗಾಲಿನ ಕಪ್ಪೆಗಳನ್ನು ಸರೋವರದಿಂದ ಸರೋವರಕ್ಕೆ ಇಲ್ಲವಾಗಿಸಿದವು. ಮುಂದೆ ಕೆಲವು ಸರೋವರಗಳಲ್ಲಿ ಬಲೆ ಹಾಕಿ ಟ್ರೌಟ್‌ಗಳನ್ನು ತೆಗೆದಾಗ ಕಪ್ಪೆಗಳು ಮತ್ತೆ ಹೆಚ್ಚಿದವು. ಆದ್ದರಿಂದ ಮೀನಿಲ್ಲದೆಯೇ ಕಪ್ಪೆ, ಏರೋಪ್ಲೇನ್ ಚಿಟ್ಟೆಗಳಿಂದ ತುಂಬಿರುವ ಕೊಳವನ್ನು ಬರಿದಾದ ಕೊಳವೆಂದು ತಿಳಿಯಬೇಡಿ. ಅಂಥದನ್ನು ಹಾಗೆಯೇ ಬಿಡುವುದು ಉತ್ತಮವೆಂದು ನಾನು ಮನಸಾರೆ ಹೇಳುತ್ತೇನೆ. ಬಿತ್ತನೆಗೆ ಹೊರಟವರು ತಮ್ಮ ಪ್ರದೇಶದ ಮೀನುಗಾರಿಕೆ ಅಧಿಕಾರಿಗಳ ಅನುಮತಿಯನ್ನು ಮೊದಲೇ ಪಡೆಯಬೇಕು, ಸಿಗುವಲ್ಲಿ ಸಂತಾನಶಕ್ತಿಯಿಲ್ಲದ ಟ್ರಿಪ್ಲಾಯ್ಡ್ ಮರಿಗಳನ್ನೇ ಆರಿಸಬೇಕು. ಕೋಡಿಗೂ ತೂಬಿಗೂ ಜಾಲರಿ ಕೂರಿಸುವ ಕೆಲಸ ಮೀನಿನ ಗಾಡಿ ಬರುವುದಕ್ಕೆ ಮುಂಚೆ ಮುಗಿದಿರಲಿ. ಜಾಲರಿಯ ಕಣ್ಣು ನೀವು ಬಿಡುವ ಅತಿ ಸಣ್ಣ ಮೀನೂ ನುಸುಳದಷ್ಟು ಕಿರಿದಾಗಿರಲಿ, ಅದರ ಅಗಲ ಮಾತ್ರ ಧಾರಾಳವಾಗಿರಲಿ, ಏಕೆಂದರೆ ಕಸ ಕಟ್ಟಿಕೊಂಡ ಇಕ್ಕಟ್ಟಾದ ಜಾಲರಿಯ ಹಿಂದೆ ಮಳೆಯ ನೀರು ಏರಿ, ಏರಿಯನ್ನೇ ಹಾಯ್ದು, ಮೀನನ್ನೂ ಜೊತೆಗೆ ಒಯ್ಯುತ್ತದೆ. ದೊಡ್ಡ ಮಳೆಯ ಹಿಂದಿನ ದಿನವೊಮ್ಮೆ, ಮರುದಿನವೊಮ್ಮೆ ಅಲ್ಲಿಗೆ ಹೋಗಿ ಎಲೆ ಕಡ್ಡಿಗಳನ್ನು ತೆಗೆದು ಬನ್ನಿ.

ನಮಸ್ಕಾರ.