ಬೈದವರಿಗೆ ಮೆಲುದನಿಯಲ್ಲಿ ಉತ್ತರ | ಔಟ್‌ಕಾಸ್ಟ್ ಎರಡನೇ ಆಲ್ಬಮ್ | ಅಟ್ಲಾಂಟಾ ವ್ಲಾಗ್

ಇವತ್ತು ಕಾರನ್ನ ನಾರ್ತ್ ಸ್ಪ್ರಿಂಗ್ಸ್ ಸ್ಟೇಷನ್ನಲ್ಲಿ ಬಿಟ್ಟು ಮಾರ್ಟಾ ರೈಲು ಹತ್ತಿದೀನಿ. ರೆಡ್ ಲೈನ್. ನನ್ನ ಪರಿಚಯದ ಕನ್ನಡದವರೆಲ್ಲ ಆಲ್ಫರೆಟಾ, ಕಮಿಂಗ್ ಅಂತ ಊರಿನ ಉತ್ತರಕ್ಕೇ ಇರೋದು. ಈ ರೈಲು ನಮಗೆ ನೆನಪಾಗೋದು ಏರ್‌ಪೋರ್ಟಿಗೆ ಹೋಗುವಾಗ ಮಾತ್ರ. ಏರ್‌ಪೋರ್ಟಿಗಿಂತ ಎರಡು ಸ್ಟೇಷನ್ ಮುಂಚೆ ಈಸ್ಟ್ ಪಾಯಿಂಟ್ ಬರುತ್ತೆ. ಇವತ್ತು ಅಲ್ಲೇ ಇಳೀತೀನಿ.

ಯಾಕೆ ಅಂದ್ರೆ ಔಟ್‌ಕಾಸ್ಟ್ ಅನ್ನೋ ರ‍್ಯಾಪ್ ಜೋಡಿ. ಆಂಡ್ರೆ, ಬಿಗ್ ಬಾಯ್ ಇಬ್ಬರೂ ಇಲ್ಲಿನ ಟ್ರೈ-ಸಿಟೀಸ್ ಹೈಸ್ಕೂಲಲ್ಲಿ ಓದಿದವರು. ‘ಹೇ ಯಾ’ ಹಾಡು ಯಾವುದಾದ್ರೂ ಆಫೀಸ್ ಪಾರ್ಟಿಯಲ್ಲಿ ಕೇಳೇ ಇರ್ತೀರಿ. ಅದು 2003ರದ್ದು, ಅದನ್ನ ಬಿಡಿ. ನನ್ನ ಕಿವಿಯಲ್ಲಿ ಓಡ್ತಿರೋದು 1996ರ ಎರಡನೇ ಆಲ್ಬಮ್, ‘ಎಟಿಎಲಿಯನ್ಸ್’. ಅಟ್ಲಾಂಟಾದ ‘ಎಟಿಎಲ್’ಗೆ ‘ಏಲಿಯನ್ಸ್’ ಸೇರಿಸಿದ ಹೆಸರು.

1995ರ ಆಗಸ್ಟ್, ನ್ಯೂಯಾರ್ಕ್, ‘ಸೋರ್ಸ್’ ಅನ್ನೋ ಹಿಪ್ ಹಾಪ್ ಪತ್ರಿಕೆ ಕೊಡ್ತಿದ್ದ ಸೋರ್ಸ್ ಅವಾರ್ಡ್ಸ್. ಹಿಪ್ ಹಾಪ್ ಅಂದ್ರೆ ಒಂದೋ ನ್ಯೂಯಾರ್ಕ್, ಇಲ್ಲಾಂದ್ರೆ ಲಾಸ್ ಏಂಜಲೀಸ್ ಅನ್ನೋ ಕಾಲ ಅದು. ಸಭಾಂಗಣದಲ್ಲಿ ಲಾಸ್ ಏಂಜಲೀಸಿನ ಡೆತ್ ರೋ ಕಂಪನಿ ಕಡೆಯವರೂ ನ್ಯೂಯಾರ್ಕಿನ ಬ್ಯಾಡ್ ಬಾಯ್ ಕಂಪನಿ ಕಡೆಯವರೂ ಒಬ್ಬರ ಮೇಲೊಬ್ಬರು ಕತ್ತಿ ಮಸೀತಾ ಕೂತಿದ್ರು. ಆ ಗದ್ದಲದಲ್ಲಿ ಹೊಸ ತಂಡದ ಪ್ರಶಸ್ತಿ ಬಂದಿದ್ದು ಅಟ್ಲಾಂಟಾದ ಈ ಇಬ್ಬರು ಹುಡುಗರಿಗೆ. ಜನ ‘ಬೂ’ ಅಂತ ಕೂಗಿಬಿಟ್ರು. ಅಮೇರಿಕಾದ ದಕ್ಷಿಣದವರಿಗೂ ಹೇಳೋಕೆ ಮಾತಿದೆ ಅಂತ ಆಂಡ್ರೆ ಮೈಕಲ್ಲಿ ಹೇಳಿದ. ಅಷ್ಟೇ.

ಇಪ್ಪತ್ತು ವರ್ಷದ ಹುಡುಗರಿಗೆ ತುಂಬಿದ ಸಭೆಯಲ್ಲಿ ಹೀಗಾದ್ರೆ ಏನ್ ಮಾಡ್ತಾರೆ? ವಾಪಸ್ ಬಂದು ಹೆಸರು ಹಿಡಿದು ಬೈಯೋ ಹಾಡು ಮಾಡ್ತಾರೆ. ಇವರು ದನಿ ತಗ್ಗಿಸಿದ್ರು. ನಮ್ಮನ್ನ ಹೊರಗಿನವರು ಅಂತೀರಾ? ಹೌದಪ್ಪ, ನಾವು ಅನ್ಯಗ್ರಹದವರೇ ಅಂದ್ಬಿಟ್ಟು ಕವರ್ ಮೇಲೆ ತಮ್ಮನ್ನೇ ಕಾಮಿಕ್ಸ್ ಪಾತ್ರ ಮಾಡ್ಕೊಂಡ್ರು, ಸಿಡಿ ಒಳಗೆ ಪುಟ್ಟ ಕಾಮಿಕ್ಸ್ ಪುಸ್ತಕಾನೂ ಇಟ್ರು. 1996ರ ಬೇಸಿಗೆ, ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ಮುಗಿದು ತಿಂಗಳು ತುಂಬೋಕೆ ಮುಂಚೆ, ಆಗಸ್ಟ್ 27ಕ್ಕೆ, ಆಲ್ಬಮ್ ಬಂತು. ಅಮೇರಿಕಾದ ಆಲ್ಬಮ್ ಪಟ್ಟಿ ಬಿಲ್‌ಬೋರ್ಡ್ 200ರಲ್ಲಿ ನೇರ ಎರಡನೇ ಸ್ಥಾನ.

ಈಗ ಲೇಕ್‌ವುಡ್ ಸ್ಟೇಷನ್ ದಾಟ್ತಿದೀವಿ. ಲೇಕ್‌ವುಡ್ ಹೈಟ್ಸ್ ಕಡೆ ಸಂಗೀತ ನಿರ್ಮಾಪಕ ರಿಕೋ ವೇಡ್ ಅವರ ತಾಯಿಯ ಮನೆ ಇತ್ತು. ಅದರ ನೆಲಮಾಳಿಗೆಗೆ ‘ಡಂಜನ್’ ಅಂತ ಹೆಸರು. ಪ್ಲಾಸ್ಟರ್ ಇಲ್ಲ, ಜಾರ್ಜಿಯಾದ ಕೆಂಪು ಮಣ್ಣು ಹಾಗೇ ಕಾಣ್ತಿತ್ತಂತೆ. ಇವರ ಮೊದಲ ಆಲ್ಬಮ್ಮಿಗೆ ಸಂಗೀತ ಮಾಡಿದ, ರಿಕೋ ಇದ್ದ ಆರ್ಗನೈಜ್ಡ್ ನಾಯ್ಸ್ ಅನ್ನೋ ಮೂವರ ತಂಡ ಬೆಳೆದಿದ್ದು ಅಲ್ಲೇ. 2019ರಲ್ಲಿ ಬಿಗ್ ಬಾಯ್ ಆ ಮನೆ ಕೊಂಡ್ಕೊಂಡ, ಆಮೇಲೆ ಏರ್‌ಬಿಎನ್‌ಬಿಗೂ ಹಾಕಿದ್ದ.

ಎರಡನೇ ಆಲ್ಬಮ್ಮಲ್ಲಿ ಹುಡುಗರು ಬೀಟ್ ಮಾಡೋ ಸ್ವಂತ ಮಿಷನ್ ತಗೊಂಡು ಕೆಲವು ಹಾಡಿಗೆ ತಾವೇ ಸಂಗೀತ ಮಾಡಿದ್ರು. ‘ಎಲಿವೇಟರ್ಸ್’ ಅದರಲ್ಲಿ ಒಂದು, ಬಿಲ್‌ಬೋರ್ಡಿನ ಹಾಡುಗಳ ಪಟ್ಟಿ ಹಾಟ್ 100ರಲ್ಲಿ 12ನೇ ಸ್ಥಾನಕ್ಕೆ ಹೋದ ಹಾಡು. ಹಿಂದಿನ ಆಲ್ಬಮ್ಮಿನ ತುಂಬಿದ ಫಂಕ್ ಇಲ್ಲಿಲ್ಲ. ಒಂದು ಬೇಸ್, ಸುತ್ತ ಎಕೋ, ಮಧ್ಯೆ ಖಾಲಿ ಜಾಗ. ‘ಇ.ಟಿ.’ ಅನ್ನೋ ಹಾಡಲ್ಲಂತೂ ಡ್ರಮ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ರ‍್ಯಾಪ್ ಆಲ್ಬಮ್ಮಲ್ಲಿ! ಧೈರ್ಯ ಬೇಕು ಕಣ್ರೀ.

ಈಸ್ಟ್ ಪಾಯಿಂಟಲ್ಲಿ ಇಳಿದಾಯ್ತು. ಇದೇ ನೋಡಿ, ಹೆಡ್‌ಲ್ಯಾಂಡ್ ಮತ್ತು ಡೆಲೋ ರಸ್ತೆ ಕೂಡೋ ಜಾಗ. ‘ಎಲಿವೇಟರ್ಸ್’ ಮೊದಲ ಚರಣದಲ್ಲಿ ಬಿಗ್ ಬಾಯ್ ಹೆಸರು ಹಿಡಿದು ಹೇಳೋ ಸರ್ಕಲ್. ಇಲ್ಲಿಂದಲೇ ಇಬ್ಬರೂ ಮಾರ್ಟಾ ಹತ್ತಿ ಚಾನ್ಸ್ ಹುಡುಕ್ಕೊಂಡು ಅಲೀತಿದ್ವಿ ಅಂತಾನೆ. ಫೋಟೋ ತೆಗೆಯೋಕೆ ಅಂಥದ್ದೇನಿಲ್ಲ, ಬಿಸಿಲು ಬೇರೆ.

ಆದ್ರೆ ಈ ಹಾಡಲ್ಲಿ ನನ್ನನ್ನ ಹಿಡಿದಿದ್ದು ಕೊನೆಯ ಚರಣ. ಆಂಡ್ರೆ ಮಾಲಲ್ಲಿ ಹೋಗ್ತಿರ್ತಾನೆ. ಹಿಂದಿಂದ ಯಾರೋ ಕರೀತಾರೆ, ಸ್ಕೂಲಲ್ಲಿ ಜೊತೆಗಿದ್ದೆ, ನೆನಪಿದೆಯಾ ಅಂತ. ಇವನಿಗೆ ನೆನಪಿಲ್ಲ. ಅವನು ಹಲ್ಲು ಕಿರೀತಾ ಕೇಳ್ತಾನೆ, ಯಾವ ಕಾರಿಟ್ಟಿದೀಯ, ಚೆನ್ನಾಗಿ ದುಡ್ಡು ಮಾಡಿರ್ಬೇಕಲ್ಲ? ಊರಿಗೆ ಹೋದಾಗ ಮದುವೆ ಛತ್ರದಲ್ಲಿ ‘ಅಮೇರಿಕಾದಲ್ಲಿ ಪ್ಯಾಕೇಜ್ ಎಷ್ಟಪ್ಪಾ’ ಅಂತ ಕೇಳ್ತಾರಲ್ಲ, ಥೇಟ್ ಅದೇ. ಆಂಡ್ರೆ ರೇಗಲ್ಲ. ನೀನು ಸಂಬಳದಿಂದ ಸಂಬಳಕ್ಕೆ ಬದುಕೋ ಹಾಗೇ ನಾನು ಬೀಟ್ ನಂಬ್ಕೊಂಡು ಬದುಕ್ತೀನಿ, ನಿನ್ನ ಕಾಲು ಕುಣೀದಿದ್ರೆ ನನಗೆ ಊಟ ಇಲ್ಲ ಅಂತಾನೆ. ಹೆಸರು ಬಂದ ಹುಡುಗ ಹೀಗೆ ಲೆಕ್ಕ ಒಪ್ಪಿಸೋದನ್ನ ನಾನು ಬೇರೆ ರ‍್ಯಾಪಲ್ಲಿ ಕೇಳಿದ್ದು ಅಪರೂಪ.

ಆ ಹೊತ್ತಿಗೆ ಆಂಡ್ರೆ ಕುಡಿತ, ಗಾಂಜಾ ಎರಡೂ ಬಿಟ್ಟಿದ್ದ, ತಲೆಗೆ ಟರ್ಬನ್ ಸುತ್ತೋಕೆ ಶುರು ಮಾಡಿದ್ದ. ಬಿಗ್ ಬಾಯ್ ಮಗಳ ಅಪ್ಪ ಆಗಿದ್ದ. ಅದೆಲ್ಲ ಹಾಡಲ್ಲಿ ಗೊತ್ತಾಗುತ್ತೆ. ಎಲ್ಲಾನೂ ಒಪ್ಪಲ್ಲ ನಾನು. ‘ಜಾಜಿ ಬೆಲ್’ನಲ್ಲಿ ಹುಡುಗಿಯರಿಗೆ ಮಾಡೋ ಉಪದೇಶ ಈಗ ಕೇಳಿದ್ರೆ ಕಿರಿಕಿರಿ ಆಗುತ್ತೆ. ಟ್ಯೂನ್ ಮಾತ್ರ ಸೊಗಸು, ಅದೇ ತೊಂದ್ರೆ.

ಕೇಳೋರು ‘ಎಲಿವೇಟರ್ಸ್’ನಿಂದ ಶುರು ಮಾಡಿ, ಆಮೇಲೆ ‘ಥರ್ಟೀನ್ತ್ ಫ್ಲೋರ್’ಗೆ ಹೋಗಿ, ಪಿಯಾನೋ ಮೇಲೆ ಇವರ ಬಳಗದ ಕವಿ ಬಿಗ್ ರೂಬ್ ಮಾತಾಡೋದು ಅಲ್ಲಿದೆ. ಫೋನ್ ಸ್ಪೀಕರಲ್ಲಿ ಮಾತ್ರ ಬೇಡ. ಬೇಸ್ ಕೇಳಿಸದೇ ಇದ್ರೆ ಆಲ್ಬಮ್ಮಿನ ಅರ್ಧ ಭಾಗ ಹೋದ ಹಾಗೇ, ಆಮೇಲೆ ಕಾಮೆಂಟಲ್ಲಿ ನನ್ನನ್ನ ಬೈಬೇಡಿ.